ತಂಡಕ್ಕೆ ಸೋಂಕು ತಗುಲದಂತೆ ನೋಡಿಕೊಳ್ಳಬೇಕಾ? ಬಸ್ ಕ್ಲೀನರ್‌ನಿಂದ ಶುರು ಮಾಡಿ

ಕೋವಿಡ್ ಥರದ ಸೋಂಕಿನ ಕಾಲದಲ್ಲಿ ಆಡಲೇಬಾರದ ಆಟ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಕಬಡ್ಡಿಯ ಹೆಸರನ್ನೇ ಹೇಳುತ್ತೇನೆ. ಒಬ್ಬ ಬಾಯಿ ಮುಚ್ಚದೆ ಕಬಡ್ಡಿ ಕಬಡ್ಡಿ ಎನ್ನುತ್ತಾ ಬರುತ್ತಾನೆ, ಎದುರಿನವರೆಲ್ಲ ಅವನ ಮೇಲೆ ಬಿದ್ದು ತಬ್ಬಿ ಹಿಡಿಯುತ್ತಾರೆ, ಅದೂ ನಾಲ್ಕು ಗೋಡೆಯ ಒಳಗೆ. ಆದರೂ ಪ್ರೊ ಕಬಡ್ಡಿಯ ಎಂಟನೇ ಸೀಸನ್ 2021ರ ಡಿಸೆಂಬರ್ 22ರಿಂದ 2022ರ ಫೆಬ್ರುವರಿ 25ರವರೆಗೆ ನಮ್ಮ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಪೂರ್ತಿ ನಡೆಯಿತು. 12 ತಂಡ, ಒಂದೇ ಹೋಟೆಲ್. ಅಲ್ಲೇ ವಾಸ, ಅಲ್ಲೇ ಊಟ, ಅಲ್ಲೇ ಆಟ. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮಧ್ಯದಲ್ಲಿ ಓಮಿಕ್ರಾನ್ ಬಂತು. ಜನವರಿ ಕೊನೆಗೆ ಎರಡು ತಂಡಗಳಿಗೆ 12 ಜನರನ್ನು ಇಳಿಸಲೂ ಆಗದೆ ವೇಳಾಪಟ್ಟಿ ಬದಲಾಯಿಸಬೇಕಾಯಿತು. ಆದರೆ ಟೂರ್ನಿ ನಿಲ್ಲಲಿಲ್ಲ. ಫೈನಲ್‌ನಲ್ಲಿ ದಬಂಗ್ ಡೆಲ್ಲಿ ಪಟ್ನಾ ಪೈರೇಟ್ಸನ್ನು 37-36ರಿಂದ ಸೋಲಿಸಿತು.

ಅದಕ್ಕೆ ಎಂಟು ತಿಂಗಳು ಮುಂಚೆ, ಏಪ್ರಿಲ್ 9ಕ್ಕೆ, ಐಪಿಎಲ್ ಶುರುವಾಗಿತ್ತು. ಬಯಲಿನ ಆಟ, ಆಟಗಾರರ ಮಧ್ಯೆ ಮಾರುಗಟ್ಟಲೆ ಅಂತರ, ದುಡ್ಡಿಗಂತೂ ಕೊರತೆಯೇ ಇಲ್ಲ. ಮೇ 4ರ ಹೊತ್ತಿಗೆ, 29 ಪಂದ್ಯ ಮುಗಿದಾಗ, ಅದು ನಿಂತೇಹೋಯಿತು. ಉಳಿದದ್ದನ್ನು ಸೆಪ್ಟೆಂಬರ್‌ನಲ್ಲಿ ಯುಎಇಗೆ ಹೋಗಿ ಮುಗಿಸಬೇಕಾಯಿತು. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ಪುತ್ತೇನೆ. ಏಪ್ರಿಲ್‌ನಲ್ಲಿ ಎರಡನೇ ಅಲೆ ಉಕ್ಕುತ್ತಿತ್ತು, ಡಿಸೆಂಬರ್ ಹೊತ್ತಿಗೆ ಲಸಿಕೆ ಎಷ್ಟೋ ಜನರಿಗೆ ಸಿಕ್ಕಿತ್ತು. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಕಬಡ್ಡಿ ಒಂದೇ ಕಡೆ ಕೂತಿತು, ಐಪಿಎಲ್ ಊರಿಂದ ಊರಿಗೆ ಹೊರಟಿತು. ನಿಂತಾಗ ತಂಡಗಳು ಅಹಮದಾಬಾದ್ ಮತ್ತು ದೆಹಲಿಯಲ್ಲಿದ್ದವು. ಬೆಂಗಳೂರಿನ ಸರದಿ ಬರಲೇ ಇಲ್ಲ.

ಹಾಗಾಗಿ ನೀವು ಒಂದು ವೃತ್ತಿಪರ ತಂಡದ ಮ್ಯಾನೇಜರ್ ಆಗಿದ್ದರೆ, ಅಥವಾ ಮುಂದೆ ಯಾವತ್ತಾದರೂ ಇಂಥ ಕಾಲದಲ್ಲಿ ಆ ಕುರ್ಚಿಯಲ್ಲಿ ಕೂರಬೇಕಾಗಿ ಬಂದರೆ, ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ಕಾಯಿಲೆ ಆಟದ ಸುತ್ತಮುತ್ತಲಿಂದ ಬರುತ್ತದೆ. ಊಟ, ಬಸ್ಸು, ಮೀಟಿಂಗ್ ರೂಮು, ಮಸಾಜ್ ಟೇಬಲ್ಲು. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ 2020ರ ಸೀಸನ್‌ನಲ್ಲಿ ಒಂಬತ್ತು ಲಕ್ಷಕ್ಕೂ ಜಾಸ್ತಿ ಟೆಸ್ಟ್ ಮಾಡಿಸಿ, ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರು ಎಂದು ಗುರುತಿಸುವ ಸಾಧನವನ್ನು ಎಲ್ಲರ ಮೈಗೂ ಕಟ್ಟಿ ನೋಡಿತು. ಮೈಗೆ ಮೈ ಗುದ್ದಿಕೊಳ್ಳುವ ಆ ಆಟದಲ್ಲಿ ಮೈದಾನದೊಳಗೆ ಸೋಂಕು ಹರಡಿದ್ದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಒಟ್ಟಿಗೆ ಉಂಡಲ್ಲಿ, ಒಂದೇ ಕಾರಿನಲ್ಲಿ ಹೋದಲ್ಲಿ, ಮಾಸ್ಕ್ ತೆಗೆದು ಮುಚ್ಚಿದ ಕೋಣೆಯಲ್ಲಿ ಕೂತಲ್ಲಿ. ಅದೂ ಕೆಲವರಿಗೆ ಒಟ್ಟು ಹದಿನೈದು ನಿಮಿಷದೊಳಗಿನ ಒಡನಾಟದಲ್ಲೇ.

ಮೊದಲ ಕೆಲಸ: ಒಂದು ಪಟ್ಟಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಆಟಗಾರರ ಹೆಸರು ಬರೆಯಬೇಡಿ, ಅವರು ಎಲ್ಲಿಗೂ ಹೋಗುವುದಿಲ್ಲ. ಅವರನ್ನು ದಿನಕ್ಕೆ ಒಂದು ಸಲವಾದರೂ ಹತ್ತಿರದಿಂದ ನೋಡುವ ಉಳಿದವರನ್ನು ಬರೆಯಿರಿ. ಬಸ್ ಡ್ರೈವರ್, ಕ್ಲೀನರ್, ಅಡುಗೆಯವರು, ಬಡಿಸುವವರು, ಹೌಸ್‌ಕೀಪಿಂಗ್, ಲಾಂಡ್ರಿಯವರು, ನೆಟ್ ಬೌಲರ್‌ಗಳು, ಗ್ರೌಂಡ್‌ನವರು, ಸೆಕ್ಯುರಿಟಿ, ಕ್ಯಾಮೆರಾದವರು, ಸ್ವಾಬ್ ತೆಗೆಯಲು ಬರುವ ಹುಡುಗ. ಹೌದು, ಅವನೂ. ದಿನಾ ಹತ್ತು ಕಡೆ ಮೂಗಿಗೆ ಕಡ್ಡಿ ಹಾಕಿ ಬರುವವನು ಅವನು.

ಸುಮ್ನೆ ಹೇಳುತ್ತಿಲ್ಲ. 2021ರ ಐಪಿಎಲ್ ಶುರುವಾಗುವ ಮುಂಚೆಯೇ ಮುಂಬೈನ ವಾಂಖೆಡೆಯಲ್ಲಿ ಪಾಸಿಟಿವ್ ಬಂದದ್ದು ಗ್ರೌಂಡ್ ಸಿಬ್ಬಂದಿಗೆ. ಟೂರ್ನಿ ನಿಂತ ವಾರ ಚೆನ್ನೈ ತಂಡದಲ್ಲಿ ಬೌಲಿಂಗ್ ಕೋಚ್ ಜೊತೆಗೆ ಬಸ್ ಕ್ಲೀನರ್ ಒಬ್ಬರಿಗೂ ಪಾಸಿಟಿವ್ ಬಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಯಾರಿಂದ ಯಾರಿಗೆ ಹೋಯಿತು ಎಂಬ ತನಿಖೆ ನನಗೆ ಬೇಡ. ಅವರೂ ಆಟಗಾರರೂ ಒಂದೇ ಗಾಳಿ ಉಸಿರಾಡುತ್ತಿದ್ದರು ಎಂಬುದಷ್ಟೇ ಇಲ್ಲಿ ಮುಖ್ಯ.

ಈ ಪಟ್ಟಿಯಲ್ಲಿರುವವರನ್ನು ಎರಡು ಭಾಗ ಮಾಡಿ. ಒಳಗೇ ಇರಬೇಕಾದವರು, ಹೊರಗಿದ್ದೇ ಕೆಲಸ ಮಾಡಬಹುದಾದವರು. ಒಳಗಿನವರಿಗೆ ಆಟಗಾರರಿಗೆ ಕೊಡುವ ಹಾಗೆಯೇ ಕೋಣೆ, ಊಟ, ಟೆಸ್ಟ್, ಮಾಸ್ಕ್ ಎಲ್ಲವೂ ಸಿಗಬೇಕು. ನಾಯಕನಿಗೆ ಸೂಟ್ ಕೊಟ್ಟು ಡ್ರೈವರ್‌ಗಳನ್ನು ಬೇಸ್‌ಮೆಂಟಿನ ಒಂದೇ ಹಾಲ್‌ನಲ್ಲಿ ಹದಿನೈದು ಜನರಂತೆ ಮಲಗಿಸಿದರೆ ನೀವು ಕಟ್ಟಿದ್ದು ಹೊರಗಿನ ಸಂಪರ್ಕವೇ ಇಲ್ಲದ ಬಬಲ್ ಅಲ್ಲ, ಜರಡಿ.

ಸಂಬಳದ ಮಾತು ಇಲ್ಲೇ ಆಡಿಬಿಡುತ್ತೇನೆ, ಯಾಕೆಂದರೆ ಇಡೀ ಬರಹದಲ್ಲಿ ಒಂದೇ ಒಂದು ಸಾಲು ನೆನಪಿಡಿ ಎಂದರೆ ಇದನ್ನೇ ಹೇಳುತ್ತೇನೆ. ದಿನಗೂಲಿಯವನು "ಸಾರ್, ರಾತ್ರಿಯಿಂದ ಮೈ ಬೆಚ್ಚಗಿದೆ" ಎಂದು ಹೇಳಿದ ದಿನ ಅವನ ಕೂಲಿ ಕಡಿತವಾದರೆ, ಮರುದಿನದಿಂದ ಯಾರೂ ಹೇಳುವುದಿಲ್ಲ. ಒಂದು ಡೋಲೋ ನುಂಗಿ ಕೆಲಸಕ್ಕೆ ಬರುತ್ತಾನೆ, ಗೇಟಿನ ಥರ್ಮಲ್ ಗನ್ 97 ತೋರಿಸುತ್ತದೆ, ಒಳಗೆ ಬಿಡುತ್ತೀರಿ. ಕಾಯಿಲೆ ಹೇಳಿಕೊಂಡವರಿಗೆ ಪೂರ್ತಿ ಸಂಬಳ, ಜೊತೆಗೆ ಔಷಧಿ, ಊಟ. ಇದನ್ನು ಬಾಯಲ್ಲಿ ಹೇಳಬೇಡಿ, ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಅವರ ಭಾಷೆಯಲ್ಲಿ. ಬೆಂಗಳೂರಿನ ಹೋಟೆಲ್ ಆದರೆ ಕನ್ನಡದ ಜೊತೆ ಹಿಂದಿ, ಒಡಿಯಾ, ನೇಪಾಳಿಯೂ ಬೇಕಾದೀತು.

ಆಟಗಾರರದ್ದೂ ಇದೇ ಕಥೆ. ಹನ್ನೊಂದರಲ್ಲಿ ಜಾಗ ಇನ್ನೂ ಗಟ್ಟಿಯಾಗದ ಹುಡುಗನೊಬ್ಬ ಬೆಳಿಗ್ಗೆ ಎದ್ದಾಗ ಗಂಟಲು ಕೆರೆಯುತ್ತಿದ್ದರೆ ಮೊದಲು ನೆನಪಾಗುವುದು ಡಾಕ್ಟರ್ ಅಲ್ಲ, ಅವನ ಜಾಗಕ್ಕೆ ಕಾಯುತ್ತಿರುವ ಇನ್ನೊಬ್ಬ ಹುಡುಗ. ಕೋಚ್ ಮೊದಲ ಮೀಟಿಂಗ್‌ನಲ್ಲೇ ಎಲ್ಲರ ಮುಂದೆ ಹೇಳಬೇಕು: ಕಾಯಿಲೆ ಹೇಳಿ ಕೂತವನ ಜಾಗ ಅವನು ವಾಪಸ್ ಬರುವವರೆಗೆ ಅವನದೇ. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಬೇಕು. ಒಂದು ಸಲ ತಪ್ಪಿದರೆ ಮುಗಿಯಿತು.

ಮೊದಲ ವಾರ ಅವಸರ ಬೇಡ

ಬಂದ ದಿನ ಟೆಸ್ಟ್ ಮಾಡಿಸಿ, ನೆಗೆಟಿವ್ ಬಂತು ಎಂದು ಸಂಜೆಗೇ ಪ್ರಾಕ್ಟೀಸ್‌ಗೆ ಇಳಿಸುವ ಮ್ಯಾನೇಜರ್‌ಗಳು ಇದ್ದಾರೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿದರೆ ಅದು ಇನ್ನೂ ಹಾಲೇ ಆಗಿರುತ್ತದೆ ಅಲ್ವಾ? ಹಾಗೆಯೇ ಇದು. ವೈರಸ್ ಒಳಗೆ ಹೋಗಿ ಟೆಸ್ಟ್‌ನಲ್ಲಿ ಕಾಣುವಷ್ಟು ಬೆಳೆಯಲು ಕೆಲವು ದಿನ ಬೇಕು. ವಿಮಾನ ನಿಲ್ದಾಣದ ಸಾಲಿನಲ್ಲಿ ತಗುಲಿದ್ದು ಅದೇ ದಿನ ಸಂಜೆ ಯಾವ ಟೆಸ್ಟಿಗೂ ಸಿಗುವುದಿಲ್ಲ. ರ‍್ಯಾಪಿಡ್ ಆಂಟಿಜನ್ ಅಂತೂ ಶುರುವಿನ ದಿನಗಳಲ್ಲಿ ಎಷ್ಟೋ ಸಲ ತಪ್ಪಿಸಿಬಿಡುತ್ತದೆ. ಬೇಗ ಉತ್ತರ ಬೇಕಾದಾಗ ಅದನ್ನು ಬಳಸಿ, ಗೇಟ್‌ಪಾಸ್ ಕೊಡಲು ಆರ್‌ಟಿ-ಪಿಸಿಆರ್ ನಂಬಿ.

2020ರ ಐಪಿಎಲ್‌ಗೆ ಯುಎಇಗೆ ಹೋದಾಗ ಬಿಸಿಸಿಐ ಆರು ದಿನ ಕೋಣೆಯಲ್ಲೇ ಕೂರಿಸಿ ಒಂದನೇ, ಮೂರನೇ, ಆರನೇ ದಿನ ಟೆಸ್ಟ್ ಮಾಡಿಸಿತು. ಆಗಸ್ಟ್ 29ಕ್ಕೆ ಮಂಡಳಿಯೇ ಹೇಳಿದ ಪ್ರಕಾರ 13 ಜನರಿಗೆ ಪಾಸಿಟಿವ್, ಅದರಲ್ಲಿ ಇಬ್ಬರು ಆಟಗಾರರು. ಆಗ ಪತ್ರಿಕೆಗಳು ಗದ್ದಲ ಎಬ್ಬಿಸಿದವು. ನನ್ನ ಲೆಕ್ಕದಲ್ಲಿ ಅದು ವ್ಯವಸ್ಥೆ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಬಾಗಿಲಲ್ಲೇ ಸಿಕ್ಕರು, ಚೆನ್ನೈ ತಂಡದ ಪ್ರಾಕ್ಟೀಸ್ ತಡವಾಯಿತು, ಟೂರ್ನಿ ಸೆಪ್ಟೆಂಬರ್ 19ಕ್ಕೆ ಶುರುವಾಗಿ ನವೆಂಬರ್ 10ಕ್ಕೆ ಮುಗಿಯಿತು. ದುಬೈ, ಅಬುಧಾಬಿ, ಶಾರ್ಜಾ ಮೂರಕ್ಕೂ ಬಸ್ಸಿನಲ್ಲೇ ಓಡಾಟ, ವಿಮಾನವೇ ಬೇಡ. ಅದೇ ಚಳಿಗಾಲ ಫುಟ್‌ಬಾಲ್‌ನ ಇಂಡಿಯನ್ ಸೂಪರ್ ಲೀಗ್ ಕೂಡ ಎಲ್ಲ ತಂಡಗಳನ್ನೂ ಗೋವಾದಲ್ಲೇ ಇಟ್ಟು, ಫತೋರ್ಡಾ, ಬಾಂಬೋಲಿಂ, ವಾಸ್ಕೋ ಮೂರೇ ಮೈದಾನದಲ್ಲಿ ಸೀಸನ್ ಮುಗಿಸಿತು. ನಿಮ್ಮ ಲೀಗಿನವರು ವೇಳಾಪಟ್ಟಿಯ ಬಗ್ಗೆ ಅಭಿಪ್ರಾಯ ಕೇಳಿದರೆ ಕೈ ಎತ್ತಿ ಹೇಳಬೇಕಾದ ಮಾತು ಇಷ್ಟೇ: ವಿಮಾನ ಹತ್ತುವ ಸಲಗಳನ್ನು ಕಡಿಮೆ ಮಾಡಿ.

ಆ ಆರು ದಿನ ಕೋಣೆಯಲ್ಲಿ ಕೂರುವವರಿಗೆ ಸೈಕಲ್, ಡಂಬೆಲ್, ಮ್ಯಾಟ್ ಮುಂಚೆಯೇ ಕೋಣೆಗೆ ತಲುಪಿಸಿ. ಕಿಟಕಿ ತೆರೆಯುವ ಕೋಣೆ ಕೇಳಿ. ಬಾಲ್ಕನಿ ಇದ್ದರೆ ಇನ್ನೂ ಒಳ್ಳೆಯದು.

ಊಟ, ಬಸ್ಸು, ಗಾಳಿ

2020ರಲ್ಲಿ ಟೊಮೆಟೊವನ್ನು ಸೋಪು ಹಾಕಿ ತೊಳೆದವರು ನಾವು. ಆ ಭಯ ಆಮೇಲೂ ಎಷ್ಟೋ ಕಡೆ ಬಜೆಟ್ ತಿಂದಿತು. ಕಿಟ್ ಬ್ಯಾಗಿಗೆ ಸ್ಪ್ರೇ, ಚೆಂಡಿಗೆ ಸ್ಪ್ರೇ, ಬಾಗಿಲಿನಲ್ಲಿ ಮನುಷ್ಯರ ಮೇಲೇ ಸ್ಪ್ರೇ. ಕೈ ತೊಳೆಯುವುದು ಒಳ್ಳೆಯದೇ, ಹೊಟ್ಟೆ ಕೆಡುವುದೂ ತಪ್ಪುತ್ತದೆ. ಆದರೆ ಕೋವಿಡ್, ಫ್ಲೂ ಥರದ್ದು ಮುಖ್ಯವಾಗಿ ಉಸಿರಿನ ಗಾಳಿಯಲ್ಲಿ ಬರುತ್ತದೆ. ಹಾಗಾಗಿ ಸ್ಪ್ರೇಗೆ ಇಟ್ಟ ದುಡ್ಡನ್ನು ಗಾಳಿಗೆ ಖರ್ಚು ಮಾಡಿ. ಚೆಂಡಿಗೆ ಎಂಜಲು ಹಚ್ಚುವುದನ್ನು ಐಸಿಸಿ 2020ರ ಜೂನ್‌ನಲ್ಲಿ ನಿಲ್ಲಿಸಿತು, 2022ರಲ್ಲಿ ಕಾಯಂ ಮಾಡಿತು. ನನಗೇನೂ ಬೇಸರವಿಲ್ಲ, ಹೇಗೂ ನೋಡಲು ಅಸಹ್ಯವಾಗಿತ್ತು.

ಊಟದ ಮನೆ ಅತಿ ಅಪಾಯದ ಜಾಗ, ಯಾಕೆಂದರೆ ಅಲ್ಲಿ ಎಲ್ಲರ ಮಾಸ್ಕೂ ಒಟ್ಟಿಗೇ ಇಳಿಯುತ್ತದೆ, ಎಲ್ಲರೂ ನಗುತ್ತಾರೆ, ಜೋರಾಗಿ ಮಾತಾಡುತ್ತಾರೆ, ಊಟ ಮುಗಿದರೂ ಎದ್ದು ಹೋಗುವುದಿಲ್ಲ. ಬಫೆ ತೆಗೆಯಿರಿ. ಹುಲ್ಲುಹಾಸಿನ ಮೇಲೆ ಶಾಮಿಯಾನ ಹಾಕಿಸಿ, ಮೂರೂ ಹೊತ್ತು ಹೊರಗೆ ಬಡಿಸಿ. ಮಳೆಗಾಲವಾದರೆ ತಗಡಿನ ಚಪ್ಪರ, ಸುತ್ತ ಗೋಡೆ ಬೇಡ. ಒಂದು ಟೇಬಲ್ಲಿಗೆ ಮೂರೋ ನಾಲ್ಕೋ ಜನ, ಸೀಸನ್ ಪೂರ್ತಿ ಅದೇ ಮೂರು ನಾಲ್ಕು ಜನ. ಹೊರಗೆ ಆಗುವುದೇ ಇಲ್ಲ ಎಂದರೆ ಕೋಣೆಗೆ ಡಬ್ಬಿ ಕಳಿಸಿ. ಹುಡುಗರು ಬೈಯುತ್ತಾರೆ, ಬೈಯಲಿ.

ನೀರಿನದ್ದು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೆ. ಆದರೆ ನಮ್ಮ ಏರಿಯಾದ ಟೂರ್ನಿಗಳಲ್ಲಿ ಒಂದೇ ಜಗ್ಗು, ಒಂದೇ ಲೋಟ ಇಡೀ ತಂಡದ ಬಾಯಿ ಸುತ್ತುವುದನ್ನು ನೋಡಿದ ಮೇಲೆ ಹೇಳಲೇಬೇಕು. ಹೆಸರು ಬರೆದ ಬಾಟಲ್, ಒಬ್ಬರಿಗೆ ಒಂದು. ಟವೆಲ್ಲೂ ಅಷ್ಟೇ.

ಬಸ್ಸಿನಲ್ಲಿ ಎಸಿ ಆಫ್ ಮಾಡಿ ಕಿಟಕಿ ತೆರೆಯಿರಿ. ವೋಲ್ವೋದಲ್ಲಿ ಕಿಟಕಿ ತೆರೆಯುವುದೇ ಇಲ್ಲ, ಹಾಗಾಗಿ ಚೆಂದದ ಬಸ್ಸಿಗಿಂತ ಕಿಟಕಿ ತೆರೆಯುವ ಸಾದಾ ಬಸ್ ಎರಡು ಮಾಡಿ, ಅರ್ಧರ್ಧ ತಂಡ ಕೂರಿಸಿ. ಎಲ್ಲರಿಗೂ ಎನ್95. ಅಂತ್ಯಾಕ್ಷರಿ ಬೇಡ. ಗೆದ್ದ ದಿನ ಇದನ್ನು ಪಾಲಿಸುವುದು ಕಷ್ಟ, ಆದರೆ ಗೆದ್ದ ದಿನವೇ ಎಲ್ಲರೂ ಬಾಯಿ ಬಿಟ್ಟು ಕೂಗುವುದು.

ಕೋಣೆಯ ಗಾಳಿ ಹೇಗಿದೆ ಎಂದು ಅಳೆಯಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಸಿಗುತ್ತದೆ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಜನ ಉಸಿರು ಬಿಟ್ಟ ಗಾಳಿ ಎಷ್ಟು ತುಂಬಿಕೊಂಡಿದೆ ಎಂದು ಅದು ಹೇಳುತ್ತದೆ. 800 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 800) ಕೆಳಗಿದ್ದರೆ ಪರವಾಗಿಲ್ಲ. ಮೀಟಿಂಗ್ ರೂಮಿನಲ್ಲಿ ಅರ್ಧ ಗಂಟೆಗೆ ಅದು 1500 ದಾಟಿದರೆ ವಿಡಿಯೋ ಅನಾಲಿಸಿಸ್ ಹೊರಗೆ ಅಥವಾ ಫೋನಿನಲ್ಲಿ ಮಾಡಿ. ಡ್ರೆಸ್ಸಿಂಗ್ ರೂಮಿಗೆ ಗಾಳಿಯ ಸಣ್ಣ ಕಣಗಳನ್ನೂ ಸೋಸುವ ಹೆಪಾ ಫಿಲ್ಟರ್ ಇಡಿಸಿ. ನಾಲ್ಕೈದು ಸರದಿಯಲ್ಲಿ ಸ್ನಾನಕ್ಕೆ ಬಿಡಿ, ಇಲ್ಲವೇ ಹೋಟೆಲ್‌ಗೆ ಹೋಗಿಯೇ ಸ್ನಾನ ಮಾಡಲಿ.

ಫಿಸಿಯೋ ಎಂಬ ಸೇತುವೆ

2021ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಓಲ್ಡ್ ಟ್ರಾಫರ್ಡ್‌ನಲ್ಲಿ ಭಾರತದ ಐದನೇ ಟೆಸ್ಟ್ ಶುರುವಾಗಬೇಕಿತ್ತು, ಅದೇ ದಿನ ಬೆಳಿಗ್ಗೆ ರದ್ದಾಯಿತು. ಕೋಚ್ ರವಿ ಶಾಸ್ತ್ರಿಯವರಿಗೆ ಮೊದಲೇ ಪಾಸಿಟಿವ್ ಬಂದಿತ್ತು, ಅವರ ಜೊತೆ ಇದ್ದ ಮುಖ್ಯ ಫಿಸಿಯೋ ಕೂಡ ಪ್ರತ್ಯೇಕವಾಗಿದ್ದರು. ಹಾಗಾಗಿ ಉಳಿದ ಒಬ್ಬ ಫಿಸಿಯೋ ಒಬ್ಬರೇ ಆಟಗಾರರನ್ನು ನೋಡಿಕೊಳ್ಳುತ್ತಿದ್ದರು, ಕೊನೆಗೆ ಅವರಿಗೂ ಪಾಸಿಟಿವ್. ಆಟಗಾರರ ಟೆಸ್ಟ್ ನೆಗೆಟಿವ್ ಬಂದರೂ, ನಿನ್ನೆ ಅವರ ಕೈ ಯಾರ್‍ಯಾರ ಭುಜದ ಮೇಲಿತ್ತು ಎಂದು ನೆನೆಸಿಕೊಂಡರೆ ಯಾರಿಗೆ ಆಡುವ ಧೈರ್ಯ ಬಂದೀತು? ಆ ಟೆಸ್ಟ್ ನಡೆದದ್ದು ಮರುವರ್ಷ ಜುಲೈನಲ್ಲಿ, ಬೇರೆ ಊರಿನಲ್ಲಿ.

ತಂಡದಲ್ಲಿ ಎಲ್ಲರನ್ನೂ ಮುಟ್ಟುವವರು ಫಿಸಿಯೋ ಮತ್ತು ಮಸಾಜ್ ಮಾಡುವವರು ಮಾತ್ರ. ಇಬ್ಬರು ಫಿಸಿಯೋ ಇಟ್ಟುಕೊಳ್ಳಿ. ತಂಡವನ್ನು ಎರಡು ಪಾಲು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಪಾಲು ಕೊಡಿ. ಆ ಇಬ್ಬರು ಒಟ್ಟಿಗೆ ಕಾಫಿಯನ್ನೂ ಕುಡಿಯಬಾರದು. ಚಿಕಿತ್ಸೆ ಕಿಟಕಿ ತೆರೆದ ಕೋಣೆಯಲ್ಲಿ, ಫಿಸಿಯೋಗೂ ಆಟಗಾರನಿಗೂ ಮಾಸ್ಕ್, ಹರಟೆ ಹೊಡೆಯದೆ.

ಇದೇ ಲೆಕ್ಕ ಆಟಗಾರರಿಗೂ. 2020ರ ನವೆಂಬರ್‌ನಲ್ಲಿ ಎನ್‌ಎಫ್‌ಎಲ್‌ನ ಡೆನ್ವರ್ ಬ್ರಾಂಕೋಸ್ ತಂಡದ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಪಾಸಿಟಿವ್ ಬಂತು. ಅವನ ಜೊತೆ ಮಾಸ್ಕ್ ಇಲ್ಲದೆ ಕೂತಿದ್ದ ಉಳಿದ ಮೂವರು ಕ್ವಾರ್ಟರ್‌ಬ್ಯಾಕ್‌ಗಳನ್ನೂ ಆಡಲು ಬಿಡಲಿಲ್ಲ. ಚೆಂಡು ಎಸೆಯುವವನೇ ಇಲ್ಲದ ತಂಡ ಅದು. ಕ್ಯಾಚ್ ಹಿಡಿಯುವ ಮೀಸಲು ಹುಡುಗನೊಬ್ಬನನ್ನು ಎಸೆಯಲು ನಿಲ್ಲಿಸಿದರು. ಒಂಬತ್ತು ಸಲ ಎಸೆದ, ಒಂದು ತಲುಪಿತು. 31-3ರಿಂದ ಸೋತರು.

ನಿಮ್ಮ ಇಬ್ಬರು ವಿಕೆಟ್‌ಕೀಪರ್‌ಗಳನ್ನು, ಇಬ್ಬರು ಗೋಲ್‌ಕೀಪರ್‌ಗಳನ್ನು, ಇಬ್ಬರು ಮುಖ್ಯ ರೈಡರ್‌ಗಳನ್ನು ಒಂದೇ ಟೇಬಲ್ಲಿಗೆ, ಒಂದೇ ಬಸ್ಸಿಗೆ, ಒಂದೇ ಫಿಸಿಯೋಗೆ ಹಾಕಬೇಡಿ. ಎಷ್ಟೇ ಗೆಳೆಯರಾಗಿರಲಿ.

ಹೀಗೆ ಗುಂಪು ಒಡೆದಿಡದಿದ್ದರೆ ಏನಾಗುತ್ತದೆ ಎಂದು 2021ರ ಜುಲೈನಲ್ಲಿ ಕೊಲಂಬೊದಲ್ಲಿ ನೋಡಿದೆವು. ಕೃಣಾಲ್ ಪಾಂಡ್ಯ ಒಬ್ಬರಿಗೆ ಪಾಸಿಟಿವ್, ಹತ್ತಿರವಿದ್ದ ಎಂಟು ಆಟಗಾರರು ನೆಗೆಟಿವ್ ಇದ್ದರೂ ಹೊರಗೆ. ಒಂದೇ ಏಟಿಗೆ ಒಂಬತ್ತು ಜನ ಇಲ್ಲ. ಭಾರತ ಐವರು ಬ್ಯಾಟರ್‌ಗಳನ್ನು ಇಟ್ಟುಕೊಂಡು ಎರಡನೇ ಟಿ20 ಆಡಿ ಸೋತಿತು. ನಮ್ಮ ದೇವದತ್ತ ಪಡಿಕ್ಕಲ್‌ಗೆ ಆವತ್ತು ಮೊದಲ ಅಂತರರಾಷ್ಟ್ರೀಯ ಪಂದ್ಯದ ಕ್ಯಾಪ್ ಸಿಕ್ಕಿತು ಎನ್ನುವುದೊಂದೇ ಕನ್ನಡಿಗರಿಗೆ ಸಮಾಧಾನ. ಅದೇ ತಿಂಗಳು ಇಂಗ್ಲೆಂಡ್ ತನ್ನ ಪೂರ್ತಿ ಏಕದಿನ ತಂಡವನ್ನೇ ಪ್ರತ್ಯೇಕವಾಗಿಟ್ಟು, ಬೆನ್ ಸ್ಟೋಕ್ಸ್ ಕೈಗೆ ಹೊಸ 18 ಜನರನ್ನು ಕೊಟ್ಟು ಪಾಕಿಸ್ತಾನವನ್ನು 3-0ಯಿಂದ ಸೋಲಿಸಿತು. ಆಡುತ್ತಿರುವವರ ಗಾಳಿಯೂ ಸೋಕದ ಕಡೆ, ಆಡಲು ತಯಾರಾಗಿರುವ ಇನ್ನೊಂದು ಗುಂಪು ಇಂಗ್ಲೆಂಡಿಗೆ ಅಲ್ಲಿನ ದೇಶಿ ತಂಡಗಳಾದ ಕೌಂಟಿಗಳಲ್ಲಿ ಸಿಕ್ಕಿತು. ನಿಮ್ಮದು ಎಲ್ಲಿದೆ, ಈಗಲೇ ನೋಡಿಕೊಳ್ಳಿ.

ಬೇಸರವೂ ಒಂದು ಬಾಗಿಲು

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯವರು 2020ರಲ್ಲಿ ಒರ್ಲ್ಯಾಂಡೋದ ಡಿಸ್ನಿ ವರ್ಲ್ಡ್‌ನಲ್ಲಿ 22 ತಂಡಗಳನ್ನು ಕೂಡಿಹಾಕಿ, 15 ಕೋಟಿ ಡಾಲರ್‌ಗೂ ಜಾಸ್ತಿ ಸುರಿದು ಸೀಸನ್ ಮುಗಿಸಿದರು. ಅಷ್ಟು ಕಾವಲಿನಲ್ಲೂ ಸ್ಯಾಕ್ರಮೆಂಟೊದ ರಿಚಾನ್ ಹೋಮ್ಸ್ ಹೊರಗಿನಿಂದ ಊಟ ತರಿಸಿ, ಅದನ್ನು ತೆಗೆದುಕೊಳ್ಳಲು ಗಡಿ ಗೆರೆ ದಾಟಿ ಹತ್ತು ದಿನ ಕ್ವಾರಂಟೈನ್‌ಗೆ ಬಿದ್ದರು. ಜೋಫ್ರಾ ಆರ್ಚರ್ ಸೌತಾಂಪ್ಟನ್‌ನಿಂದ ಮ್ಯಾಂಚೆಸ್ಟರ್‌ಗೆ ಹೋಗುವ ದಾರಿಯಲ್ಲಿ ಮನೆಗೆ ಹೋಗಿ ಬಂದು ವೆಸ್ಟ್ ಇಂಡೀಸ್ ವಿರುದ್ಧದ ಎರಡನೇ ಟೆಸ್ಟ್ ಕಳೆದುಕೊಂಡರು. ಯಾರೂ ಕೆಟ್ಟವರಲ್ಲ. ಒಬ್ಬರಿಗೆ ಬೇರೆ ಊಟ ಬೇಕಿತ್ತು, ಒಬ್ಬರಿಗೆ ಮನೆ ಬೇಕಿತ್ತು.

ಹಾಗಾಗಿ ಗೆರೆ ದಾಟಿದರೆ ಶಿಕ್ಷೆ ಇರಲಿ, ಸ್ಟಾರ್ ಆಟಗಾರನಿಗೂ ಅದೇ ಇರಲಿ. ಜೊತೆಗೆ ದಾಟುವ ಆಸೆಯನ್ನೂ ಕಡಿಮೆ ಮಾಡಿ. ವಾರಕ್ಕೆರಡು ಸಲ ಹೊರಗಿನ ಊಟವನ್ನು ನೀವೇ ಗೇಟಿಗೆ ತರಿಸಿ. ಮಂಡ್ಯದ ಹುಡುಗನಿಗೆ ಮುದ್ದೆ, ಹರಿಯಾಣದವನಿಗೆ ಹಾಲು ತುಪ್ಪ, ಇದಕ್ಕೆ ಎಷ್ಟು ಖರ್ಚಾದೀತು? ತಿಂಗಳು ದಾಟುವ ಸೀಸನ್ ಆದರೆ ಮನೆಯವರನ್ನು ಅದೇ ಕ್ವಾರಂಟೈನ್, ಅದೇ ಟೆಸ್ಟ್ ಮಾಡಿಸಿ ಒಳಗೆ ಕರೆಸಿ. ಎನ್‌ಬಿಎಯವರೂ ಮೊದಲ ಸುತ್ತಿನ ಪ್ಲೇಆಫ್ ಆದ ಮೇಲೆ ಮನೆಯವರನ್ನು ಬಿಟ್ಟುಕೊಂಡರು. ಮನಸ್ಸಿನ ಡಾಕ್ಟರ್ ಒಬ್ಬರ ನಂಬರ್ ಎಲ್ಲರ ಫೋನಿನಲ್ಲಿರಲಿ. ಅವರು ಕೋಚ್‌ಗೆ ವರದಿ ಕೊಡುವವರಾಗಿರಬಾರದು.

ಪಾಸಿಟಿವ್ ಬಂದೇಬಿಟ್ಟಿತು, ಈಗ?

ಬರುತ್ತದೆ. ಮೊದಲ ಒಂದು ಗಂಟೆಯಲ್ಲಿ ಆತನನ್ನು ಬೇರೆ ಮಹಡಿಗೆ, ಸಾಧ್ಯವಾದರೆ ಬೇರೆ ಕಟ್ಟಡಕ್ಕೆ ಕಳಿಸಿ. ಆ ಮಹಡಿಗೆ ಹೋಗುವ ಸಿಬ್ಬಂದಿ ಬೇರೆ ಇರಲಿ. ಹಿಂದಿನ ಎರಡು ಮೂರು ದಿನ ಆತ ಯಾವ ಟೇಬಲ್, ಯಾವ ಬಸ್, ಯಾವ ಫಿಸಿಯೋ ಎಂದು ನೋಡಿ. ಮೇಲೆ ಹೇಳಿದ ಹಾಗೆ ಗುಂಪು ಒಡೆದಿಟ್ಟಿದ್ದರೆ ಈ ಕೆಲಸ ಹತ್ತು ನಿಮಿಷದ್ದು. ಆ ಗುಂಪನ್ನು ಕೋಣೆಗೆ ಕಳಿಸಿ, ದಿನಾ ಟೆಸ್ಟ್ ಮಾಡಿಸಿ.

ಎದುರಾಳಿ ತಂಡಕ್ಕೆ ಮತ್ತು ಸಂಘಟಕರಿಗೆ ಅದೇ ದಿನ ಹೇಳಿ. ಹೋಟೆಲ್ ಸಿಬ್ಬಂದಿಯ ರಿಪೋರ್ಟ್ ಬಂದ ತಕ್ಷಣ ನಿಮ್ಮ ಕೈಗೂ ಸಿಗಬೇಕು ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. 2022ರ ಜನವರಿಯಲ್ಲಿ ನಮ್ಮದೇ ನೆಲದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ಫುಟ್‌ಬಾಲ್‌ನಲ್ಲಿ, ಚೈನೀಸ್ ತೈಪೆ ವಿರುದ್ಧ ಇಳಿಸಲು ಬೇಕಿದ್ದ ಕನಿಷ್ಠ 13 ಜನ ಇಲ್ಲದೆ ಭಾರತ ಟೂರ್ನಿಯಿಂದಲೇ ಹೊರಬಿತ್ತು. ವರ್ಷಗಟ್ಟಲೆ ತಯಾರಾದ ಹುಡುಗಿಯರು ಹೋಟೆಲ್ ಕೋಣೆಯಲ್ಲಿ ಕೂತರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಾಯಿಲೆ ಬಿದ್ದವನನ್ನು ವಾಪಸ್ ಇಳಿಸುವುದರಲ್ಲಿ ಮಾತ್ರ ಆತುರ ಮಾಡಬೇಡಿ. ಜ್ವರ ಇರುವಾಗ ಕೋಣೆಯಲ್ಲಿ ಪುಷ್‌ಅಪ್ ಕೂಡ ಬೇಡ, ವೈರಸ್ ಹೃದಯದ ಸ್ನಾಯುವಿಗೂ ಊತ ತರಬಲ್ಲದು. ಲಕ್ಷಣ ಪೂರ್ತಿ ಹೋದ ಮೇಲೆ ಮೊದಲು ನಡಿಗೆ, ಆಮೇಲೆ ನಿಧಾನ ಓಟ, ಆಮೇಲೆ ಸ್ಪ್ರಿಂಟ್, ಕೊನೆಗೆ ಪೂರ್ತಿ ಪ್ರಾಕ್ಟೀಸ್. ಪ್ರತಿ ಮೆಟ್ಟಿಲಿಗೆ ಒಂದು ದಿನವಾದರೂ ಕೊಡಿ. ನಡುವೆ ಎದೆ ನೋವು, ಎದೆ ಬಡಿತ, ಹಿಂದೆಂದೂ ಇಲ್ಲದ ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ, ಇಸಿಜಿ, ಎಕೋ, ರಕ್ತ ಪರೀಕ್ಷೆ ಮಾಡಿಸಿ. ಕೆಲವರಿಗೆ ವಾಸಿಯಾದ ಮೇಲೂ ವಾರಗಟ್ಟಲೆ ಆರ್‌ಟಿ-ಪಿಸಿಆರ್ ಪಾಸಿಟಿವ್ ಬರುತ್ತಿರುತ್ತದೆ, ಅದು ಹರಡುವ ಸೋಂಕೇ ಆಗಿರಬೇಕೆಂದಿಲ್ಲ. ಅದನ್ನು ವಾಟ್ಸಾಪ್ ಗ್ರೂಪಿನಲ್ಲಿ ಚರ್ಚೆ ಮಾಡಬೇಡಿ, ಡಾಕ್ಟರ್‌ಗೆ ಬಿಡಿ. ನಾಳೆ ಸೆಮಿಫೈನಲ್ ಇದ್ದರೂ, ಮಾಲೀಕರೇ ಫೋನ್ ಮಾಡಿದರೂ, ಇವತ್ತು ಇಳಿಸಬೇಕೋ ಬೇಡವೋ ಎಂಬ ಕಾಗದಕ್ಕೆ ಸಹಿ ಡಾಕ್ಟರ್‌ದೇ ಇರಬೇಕು.